ಮೊದಲು ಎಲ್ಲಿ ತೋರಿಸಿದಿರಿ?

ಗೋಕರ್ಣದ ಕೋಟಿತೀರ್ಥದ ಮೆಟ್ಟಿಲ ಮೇಲೆ ಒದ್ದೆ ಪಂಚೆಯಲ್ಲಿ ಕೂತಿದ್ದ ಅಪ್ಪನೊಬ್ಬ, ಭಟ್ಟರು ಹೇಳಿಕೊಟ್ಟ ಹಾಗೆ ಪಿಂಡಕ್ಕೆ ಎಳ್ಳುನೀರು ಬಿಡುತ್ತಿದ್ದ. ಜೀವ ಕಳೆದುಕೊಂಡ ಮಗನಿಗಾಗಿ ನಾರಾಯಣ ಬಲಿ. ಊರಲ್ಲಿ ಯಾರೂ ಎತ್ತದ ಆ ಹೆಸರನ್ನು ಅವನು ಅಲ್ಲಿ ಗಟ್ಟಿಯಾಗಿ ಹೇಳಿದ. ಅಪಮೃತ್ಯುವಿನ ದುಃಖ ಹೊತ್ತು ಈ ಕೆರೆಗೆ ಬರುವವರು ಇಂದು ನಿನ್ನೆಯವರಲ್ಲ.

ಅದೇ ದುಃಖ ಕಾರವಾರದಲ್ಲಿ ಆಪ್ತಸಮಾಲೋಚನೆಯ ಕೋಣೆಗೂ ಬರುತ್ತದೆ. "ಮೊದಲು ಎಲ್ಲಿ ತೋರಿಸಿದಿರಿ?" ಎಂದು ಕೇಳಿದರೆ "ಸೀದಾ ಇಲ್ಲಿಗೇ ಬಂದದ್ದು" ಅನ್ನುತ್ತಾರೆ. ಅಂಗಿಯ ಕಾಲರಿನ ಸಂದಿಯಲ್ಲಿ ತಾಯತದ ಕರಿದಾರ ಕಾಣುತ್ತಿರುತ್ತದೆ.

ಗುಡಿಗೆ, ಮಂತ್ರವಾದಿಗೆ ಹೋದದ್ದು ಗೊತ್ತಾದರೆ ಬೈಸಿಕೊಳ್ಳಬೇಕಾದೀತು ಎಂಬ ಈ ಹೆದರಿಕೆಗೆ ಹಳೆಯ ಬೇರಿದೆ. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ 1927ರಲ್ಲಿ ಧರ್ಮವನ್ನು ಆಸೆಯಿಂದ ಹುಟ್ಟಿದ ಭ್ರಮೆ ಎಂದ. ಒಂದು ಕಾಲದ ಅವನ ಒಡನಾಡಿ, ಮನೋವೈದ್ಯ ಯೂಂಗ್ ಒಪ್ಪಲಿಲ್ಲ, ನಡುವಯಸ್ಸು ದಾಟಿದ ರೋಗಿಗಳ ತೊಳಲಾಟದ ಬುಡದಲ್ಲಿ ಧಾರ್ಮಿಕ ಪ್ರಶ್ನೆಯನ್ನೇ ಕಂಡ. ಆದರೂ ಆಸ್ಪತ್ರೆಗಳಲ್ಲಿ ಬಹುಕಾಲ ಉಳಿದದ್ದು ಫ್ರಾಯ್ಡನ ಅನುಮಾನ.

ನಮ್ಮ ಪಕ್ಕದ ಕರಾವಳಿ ಬೇರೆಯದನ್ನು ತೋರಿಸಿತ್ತು. ಉಡುಪಿ ಜಿಲ್ಲೆಯ ಕೋಟದಲ್ಲಿ ಮನೋವೈದ್ಯರಾದ ಆರ್.ಎಲ್. ಕಪೂರ್ ಮತ್ತು ಮೋರಿಸ್ ಕಾರ್‌ಸ್ಟೇರ್ಸ್ ಮಾನಸಿಕ ತೊಂದರೆಗಳ ಬಗ್ಗೆ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅಲ್ಲಿನ ಜನ ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬಂದು ನುಡಿಯುವ ಪಾತ್ರಿ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದರು. ಒಬ್ಬರ ಬಳಿ ಹೋದರೆ ಇನ್ನೊಬ್ಬರನ್ನು ಬಿಟ್ಟಂತೆ ಅಂತ ಅವರಿಗೆ ಅನಿಸಲೇ ಇಲ್ಲ. ಶಿರಸಿ ಮಾರಿಕಾಂಬೆಗೆ ಹರಕೆ ಹೊತ್ತುಕೊಂಡೇ ಹುಬ್ಬಳ್ಳಿಯ ಆಸ್ಪತ್ರೆಗೆ ಬಸ್ಸು ಹತ್ತುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2002ರಲ್ಲಿ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಗುಡಿಯೊಂದರಲ್ಲಿ ತಂಗಿದ್ದ 31 ಮಂದಿ ಮಾನಸಿಕ ರೋಗಿಗಳ ವರದಿ ಪ್ರಕಟಿಸಿದರು. ಔಷಧಿಯಿಲ್ಲದೆಯೇ ರೋಗಲಕ್ಷಣಗಳ ಅಂಕ ಸುಮಾರು ಶೇ. 20 ಇಳಿದಿತ್ತು. ವಿಶೇಷ ಪೂಜೆಯೇನೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿದ್ದರು, ಗುಡಿಯ ಸಣ್ಣಪುಟ್ಟ ಕೆಲಸವಿತ್ತು, ಹುಚ್ಚ ಎಂದು ದೂರ ತಳ್ಳುವವರಿರಲಿಲ್ಲ. ನನಗೆ ಆ ವರದಿಯಲ್ಲಿ ದೊಡ್ಡದಾಗಿ ಕಂಡದ್ದು ಇದೇ. ಆದರೆ ಅದೇ ರಾಜ್ಯದ ಏರ್ವಾಡಿಯಲ್ಲಿ, ದರ್ಗಾದ ನೆರಳಲ್ಲಿದ್ದ ಮಾನಸಿಕ ರೋಗಿಗಳ ಆಶ್ರಮಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ಜನ ಸತ್ತರು. ನಂಬಿಕೆಯ ಹೆಸರಲ್ಲಿ ಕಟ್ಟಿಹಾಕುವುದನ್ನು ಯಾವ ದೇವರೂ ಬೇಡಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿತು. ಅದಕ್ಕೂ ಮೊದಲೇ, 2008ರಲ್ಲಿ, ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ ಮತ್ತು ದುವಾ, ಅಂದರೆ ಔಷಧಿ ಮತ್ತು ಪ್ರಾರ್ಥನೆ, ಒಂದೇ ಅಂಗಳದಲ್ಲಿ ಸಿಗುವ ಏರ್ಪಾಡಾಗಿತ್ತು.

ರೋಗಿಯ ನಂಬಿಕೆಯನ್ನು ಕೇಳಿ ತಿಳಿಯಬೇಕು, ಸ್ವಂತ ಶ್ರದ್ಧೆಯನ್ನಾಗಲಿ ನಾಸ್ತಿಕತೆಯನ್ನಾಗಲಿ ಹೇರಬಾರದು ಎಂದು ವಿಶ್ವ ಮನೋವೈದ್ಯ ಸಂಘವೂ 2016ರಲ್ಲಿ ಹೇಳಿತು. ಕೇಳುವ ರೀತಿಯಲ್ಲೇ ಎಲ್ಲ ಇದೆ. "ದೇವರ ಹತ್ತಿರ ಕೇಳಿಸಿದಿರಾ? ಏನು ಅಪ್ಪಣೆಯಾಯಿತು?" ಎಂದು ಅಕ್ಕರೆಯಿಂದ ಕೇಳಿದಾಗಲೇ, ಅಮ್ಮನೊಬ್ಬಳು ಸೆರಗಿನ ತುದಿ ತಿರುವುತ್ತಾ ಹೇಳುವುದು: "ಮಾತ್ರೆ ಬಿಡಿ ಅಂತ ನುಡಿಯಾಯ್ತು, ಹದಿನೈದು ದಿನದಿಂದ ಕೊಟ್ಟಿಲ್ಲ."