ರಾಜನ ಮೇಜಿಗೆ ಚಿನ್ನ, ಕೆಲಸದವನ ಮೂಗಿಗೆ ಪಾದರಸ

ನಾನು ಐದನೇ ಕ್ಲಾಸಲ್ಲಿದ್ದಾಗ ಮನೇಲಿ ಥರ್ಮಾಮೀಟರ್ ಒಡೀತು. ನೆಲದ ಮೇಲೆ ಉರುಳಾಡ್ತಿದ್ದ ಪಾದರಸದ ಗುಂಡುಗಳನ್ನ ಅಮ್ಮ ಬರಿಗೈಯಲ್ಲೇ ಬಾಚಿ ಎತ್ತಿದ್ರು (ಖಂಡಿತ ಮಾಡಬಾರದ ಕೆಲಸ, ಆಗ ಯಾರಿಗೆ ಗೊತ್ತಿತ್ತು), ಸಂಜೆ ನೋಡಿದ್ರೆ ಅವರ ಚಿನ್ನದ ಉಂಗುರ ಸುಣ್ಣ ಬಳಿದಂಗೆ ಬೆಳ್ಳಗಾಗಿತ್ತು. ಅಜ್ಜಿ ಯಾರದೋ ಕಣ್ಣು ಬಿತ್ತು ಅಂತ ದೃಷ್ಟಿ ತೆಗೆದ್ರು. ಮಾರನೇ ದಿನ ಅಕ್ಕಸಾಲಿ ಏನೂ ಮಾತಾಡದೆ ಉಂಗುರಾನ ಇಕ್ಕಳದಲ್ಲಿ ಹಿಡಿದು ಬೆಂಕಿ ಊದಿದ, ಬಿಳುಪು ಹೋಯ್ತು, ಹಳದಿ ವಾಪಸ್ ಬಂತು.

18ನೇ ಶತಮಾನದ ಪ್ಯಾರಿಸ್‌ನಲ್ಲಿ ರಾಜಮನೆತನದ ಪೀಠೋಪಕರಣಕ್ಕೆ ಚಿನ್ನ ಹಿಡಿಸ್ತಿದ್ದಿದ್ದೂ ಹೆಚ್ಚುಕಮ್ಮಿ ಹೀಗೇನೇ. ಜ್ವಾಲಾಮುಖಿ ಬೂದಿಯಡಿ ಹೂತಿದ್ದ ರೋಮನ್ ಊರುಗಳನ್ನ, 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪೊಂಪೇ, ಅಗೆಯೋಕೆ ಶುರು ಮಾಡಿದ ಮೇಲೆ ಯುರೋಪಿಗೆ ಗ್ರೀಕ್ ರೋಮನ್ ಹುಚ್ಚು ಹಿಡೀತು, ಫ್ರಾನ್ಸ್ ರಾಜ ಹದಿನೈದನೇ ಲೂಯಿ ಕಾಲದ ಮೇಜು ಕುರ್ಚಿಗಳ ಬಳುಕೋ ಕಾಲುಗಳು ಹೋಗಿ ಹದಿನಾರನೇ ಲೂಯಿ ಹೊತ್ತಿಗೆ ಕಂಬದ ಥರ ಗೀರು ಕೊರೆದ ನೆಟ್ಟನೆ ಕಾಲುಗಳು ಬಂದ್ವು, ಅಂಚಲ್ಲೆಲ್ಲಾ ಚಿನ್ನದ ಬಣ್ಣದ ಲಾರೆಲ್ ಎಲೆ ಹಾರ. ಇವುಗಳ ಫೋಟೋ ನೋಡಿದವರು ಕೇಳೋದು ಒಂದೇ, ಅದೆಲ್ಲಾ ಅಪ್ಪಟ ಚಿನ್ನಾನಾ ಅಂತ. ಅಲ್ಲ ರೀ, ಒಳಗಿರೋದು ಕಂಚು, ಮೇಲೆ ಕೆಲವೇ ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಚಿನ್ನ. ಬರೀ ಶೋಕಿಗೂ ಅಲ್ಲ, ಮರದ ಮೇಲೆ ಅಂಟಿಸಿದ ವೆನಿಯರ್ (ತೆಳು ಮರದ ಹಾಳೆ) ಮೂಲೇಲಿ ಕಿತ್ತು ಬರದಂಗೆ ಕಾಯೋದೂ ಈ ಕಂಚೇ.

ಸರಿ, ಚಿನ್ನ ಕರಗಿಸಿ ಸುರಿದುಬಿಡಬಹುದಿತ್ತಲ್ಲ ಅಂದ್ರೆ, ಚಿನ್ನ ಕರಗೋಕೆ 1064 ಡಿಗ್ರಿ ಬೇಕು, ಅಷ್ಟರೊಳಗೆ ಕಂಚೇ ಕರಗಿ ನೀರಾಗಿರುತ್ತೆ. ಮೈಸೂರು ಚಿತ್ರಗಳಿಗೆ ಅಂಟಿಸ್ತಾರಲ್ಲ, ಆ ಥರ ಚಿನ್ನದ ರೇಕು ಅಂಟಿಸಿದ್ರೆ ದಿನಾ ಕೈ ತಾಗಿ ಉಜ್ಜಿ ಹೋಗುತ್ತೆ. ಅಲ್ಲಿಗೆ ಬರ್ತಾನೆ ಪಾದರಸಪ್ಪ. ಒಂದು ಪಾಲು ಚಿನ್ನಕ್ಕೆ ಸುಮಾರು ಎಂಟು ಪಾಲು ಪಾದರಸ ಹಾಕಿ ಬಿಸಿ ಮಾಡಿದ್ರೆ ಚಿನ್ನ ಅದರೊಳಗೆ ಸೇರಿ ಬೆಣ್ಣೆ ಮುದ್ದೆ ಥರ ಆಗುತ್ತೆ. ಶ್ರೀಖಂಡಕ್ಕೆ ಮೊಸರನ್ನ ಬಟ್ಟೇಲಿ ಕಟ್ಟಿ ಹಿಂಡ್ತೀವಲ್ಲ, ಹಂಗೆ ಚರ್ಮದಲ್ಲಿ ಕಟ್ಟಿ ಹಿಂಡಿ ಹೆಚ್ಚಿನ ಪಾದರಸ ತೆಗೀತಿದ್ರು. ರಂಗೋಲಿಗೆ ಮುಂಚೆ ಅಂಗಳ ಸಾರಿಸೋ ಹಾಗೆ ಕಂಚಿಗೆ ಮೊದಲು ನೈಟ್ರಿಕ್ ಆಸಿಡ್‌ನಲ್ಲಿ ಪಾದರಸ ಕರಗಿಸಿದ ನೀರು ಸವರೋದು, ಇಲ್ಲಾಂದ್ರೆ ಮುದ್ದೆ ಹಿಡಿಯಲ್ಲ. ಆಮೇಲೆ ಮುದ್ದೆ ಮೆತ್ತಿ ಕೆಂಡದ ಮೇಲೆ ಹಿಡಿಯೋದು. ಪಾದರಸ 357 ಡಿಗ್ರಿಗೇ ಕುದ್ದು ಆವಿಯಾಗುತ್ತೆ, ಚಿನ್ನಕ್ಕೆ ಆ ಬಿಸಿ ಲೆಕ್ಕಕ್ಕೇ ಇಲ್ಲ. ಸಾಣಿಕಟ್ಟೆ ಗದ್ದೇಲಿ ನೀರು ಆರಿ ಉಪ್ಪು ಉಳಿಯಲ್ವಾ, ಅದೇ. ಆದ್ರೆ ಉಪ್ಪನ್ನ ಕೆರೆದು ತೆಗೀಬಹುದು, ಇಲ್ಲಿ ಚಿನ್ನ ಕಂಚಿನ ಮೈಯೊಳಗೇ ಸ್ವಲ್ಪ ಬೇರು ಬಿಟ್ಟಿರುತ್ತೆ. ಚೂರು ಪಾದರಸಾನೂ ಉಳ್ಕೊಂಡಿರುತ್ತೆ, ಇವತ್ತು ಮ್ಯೂಸಿಯಂನವರು ಎಕ್ಸ್‌ರೇ ಉಪಕರಣ ಹಿಡಿದು ಹಳೇ ಕೆಲಸಾನೋ ಆಮೇಲೆ ಬಂದ, ಕರೆಂಟಲ್ಲಿ ಚಿನ್ನ ಹಿಡಿಸೋ ಎಲೆಕ್ಟ್ರೋಪ್ಲೇಟಿಂಗೋ ಅಂತ ಪತ್ತೆ ಹಚ್ಚೋಕೆ ಅದೂ ಒಂದು ಸುಳಿವು.

ಇದರಲ್ಲಿ ಪಳಗಿದವನು ಪಿಯೆರ್ ಗೂಥಿಯೇರ್. ಮಿರಮಿರ ಹೊಳೆಯದ, ರೇಷ್ಮೆ ಥರದ ಮ್ಯಾಟ್ ಚಿನ್ನದ ಶ್ರೇಯ ಅವನಿಗೇ ಕೊಡ್ತಾರೆ. ಗಿರಾಕಿ ಮಾದಾಮ್ ದು ಬಾರಿ, ರಾಜನ ಪ್ರೇಯಸಿ. ಬಾಕಿ ಮಾತ್ರ ಬರಲಿಲ್ಲ, ಅವನು ದಿವಾಳಿ, ಅವಳು 1793ರಲ್ಲಿ ತಲೆ ಕಡಿಯೋ ಗಿಲೋಟಿನ್‌ಗೆ. ಮರದ ಕೆಲಸದವರ ಕಥೆ ಇನ್ನೂ ಮಜಾ. 1760ರಲ್ಲಿ ಓಬೆನ್ ಅನ್ನೋ ಬಡಗಿ ಹದಿನೈದನೇ ಲೂಯಿಗೆ ಮೇಜು ಶುರು ಮಾಡಿ 1763ರಲ್ಲಿ ಸತ್ತ, ಅವನ ಕೈಕೆಳಗಿದ್ದ ಜರ್ಮನ್ ಹುಡುಗ ರೀಸೆನರ್ ವರ್ಕ್‌ಶಾಪೂ ನೋಡ್ಕೊಂಡ, ಓಬೆನ್ ಹೆಂಡತೀನೂ ಮದುವೆಯಾದ, 1769ರಲ್ಲಿ ಮೇಜೂ ಮುಗಿಸಿದ. ಫ್ರೆಂಚ್ ಕ್ರಾಂತಿ ಆದ್ಮೇಲೆ ವರ್ಸೈ ಅರಮನೆ ಸಾಮಾನೆಲ್ಲಾ ಹರಾಜಿಗೆ ಬಂದಾಗ ಇದೇ ರೀಸೆನರ್ ತಾನು ಮಾಡಿದ್ದನ್ನೇ ವಾಪಸ್ ಕೊಂಡ, ಮುಂದೆ ಲಾಭಕ್ಕೆ ಮಾರೋಣ ಅಂತ. ಕೊಳ್ಳೋರೇ ಸಿಗಲಿಲ್ಲ, ಪಾಪ.

ಈಗ ನನಗೆ ತಲೆಕೆಡೋ ವಿಷಯ. ಕೆಂಡದ ಮೇಲೆ ಪಾದರಸ ಆವಿಯಾಗಿ ಹೋಯ್ತಲ್ಲ, ಎಲ್ಲಿಗೆ? ಗಿಲೀಟು ಮಾಡೋನ ಶ್ವಾಸಕೋಶಕ್ಕೆ. ಕೈ ನಡುಕ, ಹಲ್ಲು ಉದುರೋದು, ತಲೆ ಕೆಡೋದು. ಇವತ್ತೂ ಪಾದರಸದಿಂದ ರೋಗ ವಾಸಿ ಅಂತ ವಾಟ್ಸಾಪ್‌ನಲ್ಲಿ ಮಾರೋರಿಗೆ ಈ ಕುಲುಮೆ ತೋರಿಸಬೇಕು ಅನ್ಸುತ್ತೆ. 1814ರಲ್ಲಿ ತೀರಿಹೋದ ರಾವ್ರಿಯೋ ಅನ್ನೋ ಕಂಚಿನ ಕುಶಲಕರ್ಮಿ, ಈ ಕೆಲಸದವರನ್ನ ಉಳಿಸೋ ದಾರಿ ಕಂಡುಹಿಡಿದವರಿಗೆ 3000 ಫ್ರಾಂಕ್ ಬಹುಮಾನ ಅಂತ ಉಯಿಲಲ್ಲಿ ಬರೆದಿಟ್ಟಿದ್ದ. 1818ರಲ್ಲಿ ಅದನ್ನ ಗೆದ್ದವನು ರಸಾಯನ ವಿಜ್ಞಾನಿ ದಾರ್ಸೆ. ಅವನು ಹೊಸ ಕೆಮಿಸ್ಟ್ರಿ ಏನೂ ತರಲಿಲ್ಲ, ಚಿಮಣಿಯೊಳಗೆ ಇನ್ನೊಂದು ಪುಟ್ಟ ಒಲೆ ಹಚ್ಚಿಸಿದ, ಅಷ್ಟೇ. ಆ ಒಲೆಯಿಂದ ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತೆ, ಖಾಲಿಯಾದ ಜಾಗಕ್ಕೆ ಕೆಳಗಿನ ಗಾಳಿ ನುಗ್ಗುತ್ತೆ, ಜಾತ್ರೇಲಿ ಮುಂದಿನವರು ಸರಿದ ಹಾಗೆ ಹಿಂದಿನವರು ನುಗ್ತಾರಲ್ಲ ಹಂಗೆ, ಜೊತೆಗೆ ವಿಷದ ಆವೀನೂ ಎಳ್ಕೊಂಡು ಹೋಗುತ್ತೆ. ನಮ್ಮ ಅಸ್ತ್ರ ಒಲೆ ಚಿಮಣಿ ಹೊಗೆ ಎಳೆಯೋದೂ ಇದೇ ಲೆಕ್ಕದಲ್ಲಿ.

ನಮ್ಮೂರ ಅಕ್ಕಸಾಲಿ ಅಂಗಡೀಲಿ ಚಿಮಣಿ ಇರಲಿಲ್ಲ. ಉಂಗುರ ಹಳದಿಗೆ ತಿರುಗೋದನ್ನ ನಾನು ಒಂದು ಗೇಣು ದೂರದಿಂದ, ಬಾಯಿ ಬಿಟ್ಕೊಂಡು ಬಗ್ಗಿ ನೋಡ್ತಿದ್ದೆ.