ಚಾಡಿಯೋ ದೂರೋ: ಪ್ರತಿಸ್ಪರ್ಧಿಯ ಜಾಹೀರಾತನ್ನು ವರದಿ ಮಾಡುವ ಮುನ್ನ

ಕಳೆದ ವಾರ ಎರಡು ದೂರು ಬರೆಯಲು ಕುಳಿತಿದ್ದೆ. ಒಂದನ್ನು ಅಳಿಸಿದೆ, ಇನ್ನೊಂದನ್ನು ಕಳುಹಿಸಿದೆ. ಅಳಿಸಿದ್ದು ನನ್ನ ಹೊಟ್ಟೆ ಉರಿಸಿದ ವಿಷಯ. ಕಳುಹಿಸಿದ್ದು ಮೊದಲು ನನ್ನ ಕಣ್ಣಿಗೇ ಬೀಳದ ವಿಷಯ. ಗೂಗಲ್ ಜಾಹೀರಾತು ಖಾತೆ ನಡೆಸಲು ನನ್ನಂತೆಯೇ ಕಲಿಯುತ್ತಿರುವವರಿಗೆ ಉಪಯೋಗವಾಗಬಹುದೆಂದು, ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ನಾನು ನೋಡಿಕೊಳ್ಳುವ ಖಾತೆ ಸಿರಿಧಾನ್ಯದ ಮಾಲ್ಟ್ ಪುಡಿ ಮಾರುವ ಸಣ್ಣ ಘಟಕವೊಂದರದು. ಮೊಬೈಲಿನಲ್ಲಿ ಅದರ ಹೆಸರನ್ನೇ ಟೈಪ್ ಮಾಡಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ಪ್ರತಿಸ್ಪರ್ಧಿಯ ಜಾಹೀರಾತು. ಶೀರ್ಷಿಕೆ: ‘ಸಿರಿಧಾನ್ಯ ಮಾಲ್ಟ್ ಮನೆ ಬಾಗಿಲಿಗೆ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘30 ದಿನಗಳಲ್ಲಿ ಸಕ್ಕರೆ ಕಾಯಿಲೆ ಗುಣ’. ನಮ್ಮ ಹೆಸರು ಹುಡುಕಿದವರಿಗೆ ಅವರ ಅಂಗಡಿ ತೋರಿಸುವುದು ಕಳ್ಳತನವಲ್ಲದೆ ಮತ್ತೇನು ಎಂದು ಆ ಕ್ಷಣವೇ ದೂರು ಬರೆಯಲು ಶುರು ಮಾಡಿದೆ. ಎಡವಿದ್ದು ಇಲ್ಲೇ.

ಕೀವರ್ಡ್ ಬೇರೆ, ಜಾಹೀರಾತಿನ ಪಠ್ಯ ಬೇರೆ

ಕೀವರ್ಡ್ ಎಂದರೆ ಜಾಹೀರಾತುದಾರ ಗೂಗಲ್‌ಗೆ ಕಿವಿಯಲ್ಲಿ ಹೇಳುವ ಮಾತು: ‘ಯಾರಾದರೂ ಈ ಪದ ಹುಡುಕಿದರೆ ಜಾಹೀರಾತಿನ ಜಾಗಕ್ಕೆ ನಡೆಯುವ ಹರಾಜಿಗೆ ನನ್ನನ್ನೂ ಸೇರಿಸು’. ಓದುಗನಿಗೆ ಅದು ಕಾಣುವುದಿಲ್ಲ. ಅವನಿಗೆ ಕಾಣುವುದು ಶೀರ್ಷಿಕೆ, ವಿವರಣೆ, ಜಾಲತಾಣದ ವಿಳಾಸ ಮಾತ್ರ. ಇನ್ನೊಬ್ಬರ ಟ್ರೇಡ್‌ಮಾರ್ಕನ್ನು, ಅಂದರೆ ಅವರ ವ್ಯಾಪಾರದ ಗುರುತಾದ ಹೆಸರನ್ನು, ಕೀವರ್ಡ್ ಆಗಿ ಬಳಸುವುದನ್ನು ಗೂಗಲ್ ನೀತಿ ತಡೆಯುವುದಿಲ್ಲ. ಪ್ರತಿಸ್ಪರ್ಧಿಯು ಆ ಹೆಸರನ್ನು ಪಠ್ಯದಲ್ಲಿ ಬಳಸಿದ್ದರೆ ಮಾತ್ರ, ಅದೂ ಟ್ರೇಡ್‌ಮಾರ್ಕ್ ಮಾಲೀಕರು ದೂರು ಕೊಟ್ಟರೆ, ಗೂಗಲ್ ನಿರ್ಬಂಧ ಹೇರುತ್ತದೆ.

ಇದನ್ನು ಮೂರು ಸಲ ಓದಿದರೂ ಮನಸ್ಸು ಒಪ್ಪಲಿಲ್ಲ. ಕೊನೆಗೆ ಒಪ್ಪಿಸಿದ್ದು ನಮ್ಮೂರ ಬಸ್ ನಿಲ್ದಾಣ. ಜನ ಮುತ್ತುವ ಹೋಟೆಲಿನ ಎದುರೇ ಇನ್ನೊಬ್ಬ ತನ್ನದೇ ಬೋರ್ಡು ಹಾಕಿ ಹೋಟೆಲು ತೆರೆದರೆ ಅದು ವ್ಯಾಪಾರ. ಅದೇ ಹೆಸರಿನ ಬೋರ್ಡು ಹಾಕಿದರೆ ಮೋಸ. ಗಿರಾಕಿ ಯಾರ ಹೋಟೆಲೆಂದು ತಿಳಿದೇ ಒಳಗೆ ಹೋದನೇ ಎಂಬುದೇ ಪ್ರಶ್ನೆ. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠವೂ 2023ರ ಆಗಸ್ಟ್‌ನಲ್ಲಿ, ಅಗರ್ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಹೆಸರಿನ ಮಾಲೀಕರಾದ ಡಿಆರ್‌ಎಸ್ ಲಾಜಿಸ್ಟಿಕ್ಸ್ ಮತ್ತು ಗೂಗಲ್ ನಡುವಿನ ಪ್ರಕರಣದಲ್ಲಿ, ಟ್ರೇಡ್‌ಮಾರ್ಕನ್ನು ಕೀವರ್ಡ್ ಆಗಿ ಬಳಸಿದ ಮಾತ್ರಕ್ಕೇ ಉಲ್ಲಂಘನೆ ಆಗುವುದಿಲ್ಲ, ಗೊಂದಲ ಹುಟ್ಟುತ್ತದೆಯೇ ಎಂಬುದನ್ನು ನೋಡಬೇಕು ಎಂದಿತು. ಗೊಂದಲ ಹುಟ್ಟಿಸಿದರೆ ಗೂಗಲ್ ಕೂಡ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂದೂ ಅದೇ ತೀರ್ಪು ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೇಕ್‌ಮೈಟ್ರಿಪ್ ಮತ್ತು ಬುಕಿಂಗ್ ಡಾಟ್ ಕಾಮ್ ಪ್ರಕರಣದಲ್ಲಿಯೂ ಅದೇ ನಿಲುವು ಬಂತು.

ಆದ್ದರಿಂದ ನಾನೀಗ ಮಾಡುವುದು ಇಷ್ಟು: ಪರದೆಯ ಮೇಲಿನ ಜಾಹೀರಾತನ್ನು ಗಟ್ಟಿಯಾಗಿ ಓದುತ್ತೇನೆ. ಓದುವಾಗ ನಮ್ಮ ಹೆಸರು ಬಾಯಿಗೆ ಬಾರದಿದ್ದರೆ, ನಮ್ಮದೇ ಅಂಗಡಿ ಎಂಬ ಭ್ರಮೆಯೂ ಹುಟ್ಟದಿದ್ದರೆ, ದೂರಿಗೆ ಆಧಾರವಿಲ್ಲ. ಹೆಸರು ಬಂದರೂ ಸ್ವಲ್ಪ ತಾಳಬೇಕು. ಹುಡುಕಿದ ಪದಕ್ಕೆ ಹೊಂದುವ ಕೀವರ್ಡನ್ನು ತಾನಾಗಿಯೇ ಶೀರ್ಷಿಕೆಗೆ ತುಂಬುವ ಸೌಲಭ್ಯವೊಂದು ಗೂಗಲ್‌ನಲ್ಲಿದೆ. ಅದನ್ನು ಹಾಕಿಟ್ಟು ಮರೆತವನ ಜಾಹೀರಾತಿನಲ್ಲಿ ಅವನಿಗೇ ತಿಳಿಯದೆ ನಮ್ಮ ಹೆಸರು ಮೂಡಿರಬಹುದು. ಅಂಥಲ್ಲಿ ಮೊದಲು ಒಂದು ಫೋನ್ ಕರೆ ಮಾಡುವುದೇ ಮರ್ಯಾದೆ.

ನಿಜವಾದ ಉಲ್ಲಂಘನೆ

ಗಟ್ಟಿಯಾಗಿ ಓದಿದಾಗಲೇ ಎರಡನೆಯ ಸಾಲು ಕಿವಿಗೆ ಬಿದ್ದದ್ದು. ‘ಸಕ್ಕರೆ ಕಾಯಿಲೆ ಗುಣ.’ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವಿದೆ. ಅದನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವಂತಿಲ್ಲ. ‘ಇದು ಔಷಧವಲ್ಲ, ಆಹಾರ’ ಎಂದು ವಾದಿಸಿದರೂ ತಪ್ಪಿಸಿಕೊಳ್ಳಲಾಗದು. ಆಹಾರವು ರೋಗ ಗುಣಪಡಿಸುತ್ತದೆ ಎಂಬ ಹೇಳಿಕೆಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲಿ ತಡೆಯಿದೆ.

ನಮ್ಮ ತಾಯಿಯ ಮಾತ್ರೆಯ ಡಬ್ಬಿಯಲ್ಲಿ ಬೆಳಿಗ್ಗೆಗೊಂದು, ರಾತ್ರಿಗೊಂದು ಖಾನೆಯಿದೆ. ಈ ಸಾಲು ನಂಬಿ ಯಾರದೋ ತಾಯಿ ಆ ಖಾನೆ ತುಂಬುವುದನ್ನು ನಿಲ್ಲಿಸಬಹುದು. ಇಲ್ಲಿ ಫೋನ್ ಮಾಡಿ ರಾಜಿಯಾಗುವ ಅಧಿಕಾರ ನನಗಿಲ್ಲ, ಏಕೆಂದರೆ ನಷ್ಟವಾಗುವುದು ನನಗಲ್ಲ.

ಯಾರ ಹೆಸರಿನಲ್ಲಿ?

ಜಾಹೀರಾತುಗಳ ಮೇಲಿನ ದೂರು ಕೇಳುವ ಎಎಸ್‌ಸಿಐ 1985ರಿಂದ ಮುಂಬೈಯಲ್ಲಿದೆ. ಅಲ್ಲಿ ಗ್ರಾಹಕರು ಉಚಿತವಾಗಿ ದೂರು ಕೊಡಬಹುದು, ಅವರ ಗುರುತನ್ನು ಗುಟ್ಟಾಗಿಡಲಾಗುತ್ತದೆ. ಉದ್ಯಮದವರು ಉದ್ಯಮದವರ ಮೇಲೆ ಕೊಡುವ ದೂರಿಗೆ ಪ್ರತ್ಯೇಕ ದಾರಿಯಿದೆ, ಶುಲ್ಕವೂ ಇದೆ. ‘ನಿನ್ನ ತಂಗಿಯ ಹೆಸರಿನಲ್ಲಿ ಗ್ರಾಹಕಳೆಂದು ಹಾಕಿಬಿಡು’ ಎಂದು ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಹೇಳಿದ ಸಂಗತಿ ನಿಜವೇ ಆಗಿದ್ದರೂ ಹೇಳಿದವರು ಯಾರೆಂಬುದನ್ನು ಮರೆಮಾಚಿದರೆ ದೂರು ಚಾಡಿಯಾಗುತ್ತದೆ. ತೀರ್ಪು ಕೊಡುವವರಿಗೆ ನನ್ನ ಲಾಭವೂ ತಿಳಿದಿರಬೇಕು.

ದೂರಿನ ಪೆಟ್ಟು ಸಣ್ಣದಲ್ಲ. ಕೆಲವು ನೀತಿಗಳ ಉಲ್ಲಂಘನೆಗೆ ಗೂಗಲ್ ಮೊದಲು ಎಚ್ಚರಿಕೆ ಕೊಡುತ್ತದೆ. ಮತ್ತೆ ತಪ್ಪಿದರೆ 3 ದಿನ, ಆಮೇಲೆ 7 ದಿನ ಖಾತೆ ತಡೆಹಿಡಿಯುತ್ತದೆ, ಆಮೇಲೂ ತಪ್ಪಿದರೆ ಖಾತೆಯನ್ನೇ ಅಮಾನತು ಮಾಡುತ್ತದೆ. ಊಹೆಯ ಮೇಲೆ ಯಾರ ಮೇಲೂ ಇದನ್ನು ಎಳೆಯಬಾರದು.

ಸಾಕ್ಷಿ ಕೂಡಿಸುವಾಗ

ಪ್ರತಿಸ್ಪರ್ಧಿಯ ಜಾಹೀರಾತನ್ನು ಒತ್ತಬೇಡಿ. ಒತ್ತಿದರೆ ಅವರ ಹಣ ಖರ್ಚಾಗಬಹುದು. 2023ರಲ್ಲಿ ಗೂಗಲ್ ತೆರೆದ ಜಾಹೀರಾತು ಪಾರದರ್ಶಕತೆ ಕೇಂದ್ರದಲ್ಲಿ ಜಾಲತಾಣದ ಹೆಸರು ಕೊಟ್ಟು ಹುಡುಕಿ. ಜಾಹೀರಾತೂ ಅದು ಕೊನೆಯದಾಗಿ ಕಂಡ ದಿನಾಂಕವೂ ಸಿಗುತ್ತವೆ. ಅದರ ಚಿತ್ರ ಸಾಕು.

ನಮ್ಮ ಎಲೆಯ ಹೆಗ್ಗಣ

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸಿದರಂತೆ. ಕಳುಹಿಸುವ ಮುನ್ನ ನಮ್ಮ ಜಾಹೀರಾತುಗಳನ್ನೂ ಗಟ್ಟಿಯಾಗಿ ಓದಿದೆ. ‘ಕರ್ನಾಟಕದ ನಂ. 1 ಮಾಲ್ಟ್’ ಎಂದು ನಾನೇ ಬರೆದಿದ್ದೆ, ಆಧಾರ ಏನೂ ಇರಲಿಲ್ಲ. ಜಾಹೀರಾತಿನಲ್ಲಿ ಹೇಳಿದ್ದಕ್ಕೆ ಪುರಾವೆ ಇರಬೇಕೆಂದು 2022ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಆ ಸಾಲು ತೆಗೆದು ‘ರಾಗಿ, ನವಣೆ, ಸಜ್ಜೆ ಹುರಿದು ಬೀಸಿದ ಪುಡಿ’ ಎಂದು ಬದಲಿಸಿದೆ. ನಂತರವೇ ಗೂಗಲ್‌ನ ವರದಿ ನಮೂನೆ ತೆರೆದೆ. ವಿವರಣೆಯಲ್ಲಿ ಜಾಹೀರಾತಿನ ಆ ಒಂದು ಸಾಲು, ಅದು ಕಂಡ ದಿನಾಂಕ, ಮುರಿದ ನಿಯಮ, ಕೊನೆಗೆ ‘ನಾವು ಇದೇ ಬಗೆಯ ಉತ್ಪನ್ನ ಮಾರುವವರು’ ಎಂಬ ಮಾತು. ಅವರು ನಮ್ಮ ಹೆಸರಿನ ಮೇಲೆ ಹರಾಜು ಕೂಗುತ್ತಿರುವುದನ್ನು ಬರೆಯಲಿಲ್ಲ.