ಜೀನ್ಸ್ ಚಿಂದಿಯ ಕ್ರಿಸ್ಮಸ್ ರೀತ್: ಮೊದಲು ಹಾಸು ಹೊಕ್ಕು ನೋಡಿ

ಕ್ರಿಸ್ಮಸ್‌ಗೆ ಬಾಗಿಲಿಗೆ ತೂಗುಹಾಕುವ ದುಂಡನೆಯ ಅಲಂಕಾರವೇ ರೀತ್. ಅಂಗಡಿಯಲ್ಲಿ ಜಾಸ್ತಿ ಸಿಗುವುದು ಪ್ಲಾಸ್ಟಿಕ್ ಪೈನ್ ಎಲೆಯದ್ದು. ನಮ್ಮ ಬಿಸಿಲೂರಿನಲ್ಲಿ ಪೈನ್ ಎಲ್ಲಿಂದ ಬರಬೇಕು? ಆದರೆ ಜೀನ್ಸ್ ಹೊಲಿಯುವ ಊರಾದ ಬಳ್ಳಾರಿಯಲ್ಲಿ ಅದರ ಚಿಂದಿಗೆ ಬರವಿಲ್ಲ. ಪರಿಚಯದ ಟೈಲರನ್ನು ಕೇಳಿದರೆ ಒಂದು ಚೀಲ ಸುಮ್ನೆ ಕೊಡುತ್ತಾರೆ.

ಚಿಂದಿ ಅಂತ ಹಿಂಜರಿಯಬೇಡಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಹಳೆಯ ಗಾಡಿ ಚಕ್ರಕ್ಕೇ ಮೇಣದಬತ್ತಿ ಕೂರಿಸಿದರು. ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಮಕ್ಕಳು ಅದನ್ನು ನೋಡಿ ಎಣಿಸುತ್ತಿದ್ದರು. ಈಗ ಚರ್ಚುಗಳಲ್ಲಿ ಇಡುವ ನಾಲ್ಕು ಬತ್ತಿಯ ರೀತ್ ಅದರಿಂದಲೇ ಬಂದದ್ದು.

ಈಗ ಬಳೆ, ಅಂದರೆ ಚಿಂದಿಯ ಪಟ್ಟಿಗಳನ್ನು ಕಟ್ಟುವ ದುಂಡನೆಯ ಚೌಕಟ್ಟು. ನಾನು ಮೊದಲು ರಟ್ಟಿನಲ್ಲಿ ಮಾಡಿದ್ದೆ. ಬಟ್ಟೆಯ ಭಾರಕ್ಕೆ ಎರಡೇ ದಿನದಲ್ಲಿ ಸೊಟ್ಟಗಾಯಿತು. ಕಟ್ಟಡದವರು ಕಬ್ಬಿಣ ಕಟ್ಟುವ ಬೈಂಡಿಂಗ್ ವೈರ್ 100 ಗ್ರಾಂ ಸಾಕು, ಎರಡು ರೀತ್ ಆಗುತ್ತವೆ. 30 ಸೆಂ.ಮೀ. ಅಗಲದ ಊಟದ ತಟ್ಟೆಯ ಸುತ್ತ ನಾಲ್ಕು ಸುತ್ತು ಹಾಕಿ. ತಟ್ಟೆ ತೆಗೆದು, ಅದೇ ತಂತಿಯಿಂದ ಬಳೆಯುದ್ದಕ್ಕೂ ಓರೆಯಾಗಿ ಬಿಗಿಯಿರಿ. ತಂತಿಯ ತುದಿ ಒಳಗೆ ಮಡಚಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ.

ಎಷ್ಟು ಪಟ್ಟಿ ಬೇಕು? ಅಡ್ಡಳತೆ 30 ಸೆಂ.ಮೀ. ಆದರೆ ಸುತ್ತಳತೆ 30 × 3.14, ಅಂದರೆ ಸುಮಾರು 94 ಸೆಂ.ಮೀ. ಎರಡೂವರೆ ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಪಟ್ಟಿ ಗಂಟು ಬಿದ್ದಾಗ ಸುಮಾರು ಒಂದು ಸೆಂ.ಮೀ. ಜಾಗ ಹಿಡಿಯುತ್ತದೆ. ಹಾಗಾಗಿ 95 ಪಟ್ಟಿ ಕತ್ತರಿಸಿಕೊಳ್ಳಿ. 12 ಔನ್ಸಿನ (ಚದರ ಗಜಕ್ಕೆ ಅಷ್ಟು ತೂಗುವ) ಡೆನಿಮ್, ಅಂದರೆ ಜೀನ್ಸ್ ಬಟ್ಟೆ, ಚದರ ಮೀಟರಿಗೆ 400 ಗ್ರಾಂ ಚಿಲ್ಲರೆ ತೂಗುತ್ತದೆ. ಆ ಲೆಕ್ಕದಲ್ಲಿ ಇಡೀ ರೀತ್‌ಗೆ ಹೋಗುವ ಬಟ್ಟೆ 150 ಗ್ರಾಂ ಕೂಡ ಇಲ್ಲ! ಒಂದು ಸಣ್ಣ ಮೊಳೆ ಹೊರುತ್ತದೆ.

ಕತ್ತರಿ ಹಾಕುವ ಮೊದಲು ಮುಖ್ಯವಾದ ಮಾತು. ಡೆನಿಮ್‌ನಲ್ಲಿ ಉದ್ದಕ್ಕೆ ಓಡುವ ಹಾಸು ನೂಲು ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕು ನೂಲು ಬಿಳಿ. ಚಿಂದಿಯಲ್ಲಿ ಉದ್ದ ಅಡ್ಡ ತಿಳಿಯುವುದಿಲ್ಲ, ಅಲ್ವಾ? ಎರಡು ಅಂಚಿನಿಂದ ಒಂದೊಂದು ಎಳೆ ಕಿತ್ತು ನೋಡಿ. ನೀಲಿ ಬಂದದ್ದು ಹಾಸು. ಪಟ್ಟಿಯ ಉದ್ದ ಹಾಸಿನ ದಿಕ್ಕಿಗೇ ಇರಬೇಕು. ಆಗ ಪಕ್ಕದ ನಾಲ್ಕೈದು ನೀಲಿ ಎಳೆ ಬಿಡಿಸಿದರೆ ಹೊಕ್ಕಿನ ತುದಿಗಳು ಬಿಳಿ ಕುಚ್ಚಿನಂತೆ ಉಳಿಯುತ್ತವೆ, ನೀಲಿಯ ಮೇಲೆ ಇಬ್ಬನಿ ಬಿದ್ದ ಹಾಗೆ. ಅಡ್ಡ ಕತ್ತರಿಸಿದರೆ ಈ ಅಂದ ಬರುವುದೇ ಇಲ್ಲ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದೇ. ಹಿಗ್ಗುವ ಡೆನಿಮ್ ಬೇಡ, ಅದರ ಗಂಟು ಸಡಿಲಾಗುತ್ತದೆ.

ಪಟ್ಟಿಯನ್ನು ಬಳೆಯ ಹಿಂದಿನಿಂದ ತಂದು ಮುಂದೆ ಒಂದೇ ಗಂಟು ಹಾಕಿ. ಒತ್ತೊತ್ತಾಗಿ ತಳ್ಳುತ್ತಾ ಹೋಗಿ. ಕಡುನೀಲಿ, ಒಗೆದು ಮಾಸಿದ್ದು, ಬಟ್ಟೆಯ ಒಳಮುಖ, ಹೀಗೆ ಮೂರು ಛಾಯೆ ಬಣ್ಣ ಕೊಳ್ಳದೆಯೇ ಸಿಗುತ್ತವೆ.

ಮೇಲಿನ ಅಲಂಕಾರಕ್ಕೆ ಹತ್ತಿ ಹೊಲ ನೋಡಿ. ಹತ್ತಿ ಬಿಡಿಸಿದ ಮೇಲೆ ಗಿಡದಲ್ಲೇ ಉಳಿಯುವ ಒಣ ಕಾಯಿಯ ಸಿಪ್ಪೆ ನಾಲ್ಕೈದು ಎಸಳಿನ ನಕ್ಷತ್ರದಂತಿರುತ್ತದೆ. ತುದಿ ಚುಚ್ಚುತ್ತದೆ, ಜೋಪಾನ. ಪೂರ್ತಿ ಅರಳಿದ್ದನ್ನೇ ಆರಿಸಿ. ಅರೆಬಿರಿದ ಕಾಯಿಯೊಳಗೆ ಗುಲಾಬಿ ಕಾಯಿಕೊರಕ ಹುಳು ಅಡಗಿರಬಹುದು, ಅದನ್ನು ಮನೆಗೆ ತರಬೇಡಿ. ಐದು ಸಿಪ್ಪೆಗಳನ್ನು ಒಂದೇ ಬದಿಗೆ ಸೂಜಿ ದಾರದಿಂದ ಕಟ್ಟಿದರೆ ಸಾಕು.

ನಮ್ಮಲ್ಲಿ ದುಂಡನೆಯ ಚಕ್ರ ಅಂದರೆ ಹೆಣದ ಮೇಲೆ ಇಡುವ ಪುಷ್ಪಚಕ್ರ ನೆನಪಾಗುವವರೂ ಇದ್ದಾರೆ. ನಮ್ಮಜ್ಜಿಗೂ ಹಾಗೇ ಕಂಡಿತು. ರವಿಕೆ ಬಟ್ಟೆಯ ಕೆಂಪು ರಿಬ್ಬನ್, ಎರಡು ಗೆಜ್ಜೆ ಕಟ್ಟಿದ ಮೇಲೆ ಅವರೇ ಬಾಗಿಲಿಗೆ ಹಾಕಿದರು.

ಇದರ ಹತ್ತಿರ ಮೇಣದಬತ್ತಿ ಮಾತ್ರ ಹಚ್ಚಬೇಡಿ. ಡೆನಿಮ್ ಹತ್ತಿಯದ್ದು, ಬಿಡಿಸಿದ ಕುಚ್ಚು ಬೇಗ ಹೊತ್ತಿಕೊಳ್ಳುತ್ತದೆ. ಹಬ್ಬ ಮುಗಿದ ಮೇಲೆ ಸಿಪ್ಪೆ ಬಿಚ್ಚಿ, ಬಳೆಯನ್ನು ಹಳೆಯ ದಿಂಬಿನ ಕವರಿನಲ್ಲಿ ಇಡಿ. ಯುಗಾದಿಗೆ ಅದೇ ಬಳೆಗೆ ಮಾವಿನೆಲೆ ಸಿಕ್ಕಿಸಬಹುದು.